ಒದ್ದೆ ಬಟ್ಟೆಯ ಚೀಟಿ

ಮದುವೆ ಊಟದಲ್ಲಿ ಡಾಕ್ಟರ ಪಕ್ಕ ಕೂತವರಿಗೆ ತಮ್ಮ ಮಂಡಿ ನೋವು ನೆನಪಾಗುತ್ತದೆ. ನನ್ನ ಪಕ್ಕ ಕೂತವರಿಗೆ ಟಿ.ವಿ. ನೆನಪಾಗುತ್ತದೆ. ಕುಂದಾಪುರದ ಹಳೆ ಬಸ್ ಸ್ಟ್ಯಾಂಡಿನ ಹತ್ತಿರವಿದ್ದ ನನ್ನ ರಿಪೇರಿ ಅಂಗಡಿಗೆ ಬಾಗಿಲು ಹಾಕಿ ಮೂರು ವರ್ಷವಾದರೂ ಈ ಕಾಟ ತಪ್ಪಿಲ್ಲ. ಯಾವ ಟಿ.ವಿ. ತಕೊಂಡರೆ ಮುಂದೆ ಖರ್ಚು ಕಡಿಮೆ ಎಂದು ಕೇಳುತ್ತಾರೆ. ಪಾಯಸ ಬರುವುದರೊಳಗೆ ಉತ್ತರ ಸಿಗಬೇಕು. ಸಿಗುವ ಉತ್ತರ ಒಂದೇ ಮಾತಿನಲ್ಲಿರಬೇಕು ಬೇರೆ.

ಒಂದೇ ಮಾತಿನಲ್ಲಿ ಹೇಳಬಹುದು ಎಂದು ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಆ ನಂಬಿಕೆಯಿಂದ ಬೈಂದೂರಿನಲ್ಲಿ ಒಬ್ಬಳ ಕೆಲಸಕ್ಕೇ ಸಂಚಕಾರ ತಂದಿದ್ದೆ. ಈ ಕಸುಬಿಗೆ ಹೊಸದಾಗಿ ಇಳಿಯುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ದೊಡ್ಡಸ್ತಿಕೆ ಹೇಳಿಕೊಳ್ಳಲು ಇದರಲ್ಲಿ ಹೆಚ್ಚೇನೂ ಇಲ್ಲ.

ನಾನು ಕೆಲಸ ಕಲಿತದ್ದು ನಾಯಕ್ ಮಾಮ್ ಎಂಬವರ ಬಳಿ. ಆಗ ಅಂಗಡಿ ಅವರದ್ದು. ಮೀಟರು, ಸರ್ಕ್ಯೂಟಿನ ನಕ್ಷೆ ಎಲ್ಲ ಇದ್ದರೂ ಅವರು ಮೊದಲು ಸೆಟ್ಟಿನ ಹಿಂಬದಿ ಬಿಚ್ಚಿ ಮೂಗು ಹತ್ತಿರ ತರುತ್ತಿದ್ದರು. ಸುಟ್ಟ ರೆಸಿಸ್ಟರಿನ ವಾಸನೆ ಬೇರೆ, ಸೋರಿದ ಕೆಪಾಸಿಟರಿನ ವಾಸನೆ ಬೇರೆ, ಒಳಗೆ ಸತ್ತ ಹಲ್ಲಿಯ ವಾಸನೆಯಂತೂ ಬೇರೆಯೇ. ನಾನು ಬಂದ ಹೊಸತರಲ್ಲಿ ನೇರವಾಗಿ ಮೀಟರು ಹಿಡಿದದ್ದನ್ನು ಕಂಡು ಅವರು ಹೇಳಿದ್ದು ಈಗಲೂ ಕಿವಿಯಲ್ಲಿದೆ.

"ದೇವ್ರ್ ಮೂಗ್ ಕೊಟ್ಟದ್ದ್ ಎಂತಕೆ? ಕನ್ನಡ್ಕ ಇಟ್ಕಂಬುಕೆ ಮಾತ್ರವಾ?"

ಅದು ಟ್ಯೂಬಿನ ಟಿ.ವಿ.ಗಳ ಕಾಲ. ಇಬ್ಬರು ಹೊರಬೇಕಾದ ಪೆಟ್ಟಿಗೆ, ಮುಂದೆ ದಪ್ಪ ಗಾಜು, ಮೇಲೊಂದು ಕಸೂತಿ ಬಟ್ಟೆ. ಮಳೆಗಾಲ ಶುರುವಾದರೆ ನಮಗೆ ಸುಗ್ಗಿ. ತಂಡಿಗೆ ಪಿಕ್ಚರ್ ಟ್ಯೂಬಿನ ಹಿಂದೆ ಚುರುಚುರು ಸದ್ದು ಬರುತ್ತಿತ್ತು. ಗುಡುಗಿದ ಮರುದಿನ ಅಂಗಡಿಯ ಎದುರು ರಿಕ್ಷಾಗಳ ಸಾಲು. ಟ್ಯೂಬಿನ ಟಿ.ವಿ. ಪದೇಪದೇ ಕೆಡುತ್ತಿತ್ತು, ಪ್ರತಿ ಸಲವೂ ಸಣ್ಣದರಲ್ಲಿ ಸರಿಯಾಗುತ್ತಿತ್ತು. ಒಂದು ಬೆಸುಗೆ, ಒಂದು ಬಿಡಿಭಾಗ, ಸ್ಪಿರಿಟ್ ಹಾಕಿ ಒರೆಸುವ ಕೆಲಸ, ಅಷ್ಟೆ. ಪಿಕ್ಚರ್ ಟ್ಯೂಬೇ ಹೋದರೆ ಮಾತ್ರ ಕತೆ ಮುಗಿಯಿತು. ಆದರೆ ಅದು ಅಷ್ಟು ಬೇಗ ಹೋಗುತ್ತಿರಲಿಲ್ಲ.

ನಮ್ಮ ಕಡಲ ಬದಿಯಲ್ಲಿ ಇನ್ನೊಂದು ತೊಂದರೆ ಇದೆ. ಗಾಳಿಯಲ್ಲಿ ಉಪ್ಪು. ಎಂಟು ದಿನ ಒರೆಸದಿದ್ದರೆ ಗಾಜಿನ ಮೇಲೆ ಜಿಗುಟು ಪೊರೆ ಕಟ್ಟಿ, ಅದಕ್ಕೆ ಧೂಳು ಹಿಡಿದು, ಚಿತ್ರ ಮಂಜು ಮಂಜು. ಒಣ ಬಟ್ಟೆಗೆ ಅದು ಬಗ್ಗುವುದಿಲ್ಲ. ಚಿತ್ರ ಮಸುಕು ಎಂದು ಜನ ರಿಕ್ಷಾ ಮಾಡಿಸಿಕೊಂಡು ಸೆಟ್ಟು ತಂದರೆ, ನಾಯಕ್ ಮಾಮ್ ಒದ್ದೆ ಬಟ್ಟೆಯಲ್ಲಿ ಒರೆಸಿ ವಾಪಸು ಕಳಿಸುತ್ತಿದ್ದರು. ಹೇಳಿ ಹೇಳಿ ಬಾಯಿ ಬತ್ತಿದ ಮೇಲೆ ಒಂದು ಚೀಟಿ ಅಚ್ಚು ಹಾಕಿಸಿದರು. ಅಂಗಡಿಯ ಹೆಸರು, ಅದರ ಕೆಳಗೆ "ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಗಾಜು ಒರೆಸಿ" ಎಂಬ ಸಾಲು. ಅಂಗಡಿಯಿಂದ ಹೊರಡುವ ಪ್ರತಿ ಸೆಟ್ಟಿನ ಬೆನ್ನಿಗೂ ಅದನ್ನು ಅಂಟಿಸಬೇಕು. ಅವರು ತೀರಿಕೊಂಡು ಅಂಗಡಿ ನನ್ನ ಕೈಗೆ ಬಂದ ಮೇಲೆ ಬೋರ್ಡು ಬದಲಾಯಿತು, ಮೇಜು ಬದಲಾಯಿತು. ಚೀಟಿ ಬದಲಾಗಲಿಲ್ಲ. ಮುಗಿದಾಗಲೆಲ್ಲ ಅದನ್ನೇ ಮತ್ತೆ ಅಚ್ಚು ಹಾಕಿಸುತ್ತಿದ್ದೆ.

ಆಮೇಲೆ ತೆಳ್ಳಗಿನ ಟಿ.ವಿ.ಗಳು ಬಂದವು. ಮೊದಲು ಕಂಡದ್ದು ಪ್ಲಾಸ್ಮಾ. ಹಾಲಾಡಿಯ ಹೆಗ್ಡೆಯವರಿಗೆ ಮುಂಬಯಿಯಲ್ಲಿ ಹೋಟೆಲಿದ್ದ ತಮ್ಮ ಅದನ್ನು ಕಳಿಸಿದ್ದ. ಗೋಡೆಗೆ ಏರಿಸಲು ನಾಲ್ಕು ಜನ ಬೇಕಾಯಿತು. ಚಿತ್ರ ನೋಡಿದರೆ ಕಣ್ಣು ತಂಪು, ಹತ್ತಿರ ಹೋದರೆ ಮೈ ಬಿಸಿ. ಮಳೆಗಾಲದಲ್ಲಿ ಅವರ ಮನೆಯ ಬೆಕ್ಕು ಒಲೆ ಬಿಟ್ಟು ಅದರ ಕೆಳಗೆ ಮಲಗಲು ಶುರು ಮಾಡಿತು. ಕರೆಂಟು ಬಿಲ್ಲು ಬಂದ ದಿನ ಹೆಗ್ಡೆಯವರು ಬೆಕ್ಕನ್ನೂ ಟಿ.ವಿ.ಯನ್ನೂ ಒಟ್ಟಿಗೆ ಬೈದರು. ಒಳಗಿನ ಒಂದು ಬೋರ್ಡು ಹೋದಾಗ ಕುಂದಾಪುರದಲ್ಲಿ ಸಿಗಲಿಲ್ಲ, ಮಂಗಳೂರಿನಲ್ಲೂ ಸಿಗಲಿಲ್ಲ. ಮುಂಬಯಿ ಬಸ್ಸಿನಲ್ಲಿ ಹೋಗಿ ರಿಪೇರಿಯಾಗಿ ಬಂತು, ಒಂದು ವರ್ಷಕ್ಕೆ ಮತ್ತೆ ಹೋಯಿತು. ಎರಡನೇ ಸಲ ಬೋರ್ಡು ಮಾಡುವವರೇ ಇರಲಿಲ್ಲ. ಬಿಡಿಭಾಗ ಸಿಗದ ಟಿ.ವಿ.ಗೆ ರಿಪೇರಿ ಖರ್ಚೇ ಇಲ್ಲ ಎಂದು ನಾನು ತಮಾಷೆ ಮಾಡಿದೆ. ಹೆಗ್ಡೆಯವರು ನಗಲಿಲ್ಲ.

ಆಮೇಲಿನದ್ದು ಎಲ್‌ಸಿಡಿ. ಪರದೆಯ ಹಿಂದೆ ಸಪೂರ ಟ್ಯೂಬ್‌ಲೈಟುಗಳು, ಅವನ್ನು ಉರಿಸಲು ಒಂದು ಬೋರ್ಡು. ಕೆಡುತ್ತಿದ್ದದ್ದು ಆ ಬೋರ್ಡೇ, ಅದನ್ನು ಸರಿ ಮಾಡಲು ಬರುತ್ತಿತ್ತು. ಅದರ ಬೆನ್ನಿಗೆ ಎಲ್‌ಇಡಿ. ಟ್ಯೂಬ್‌ಲೈಟಿನ ಜಾಗದಲ್ಲಿ ಸಣ್ಣ ಬಲ್ಬುಗಳ ಪಟ್ಟಿ. ಚಿತ್ರ ಕಪ್ಪಾಗಿ ಸ್ವರ ಮಾತ್ರ ಬಂದರೆ ಪಟ್ಟಿ ಹೋಯಿತು ಎಂದರ್ಥ, ಪಟ್ಟಿ ಅಗ್ಗ. ಆದರೆ ಅದನ್ನು ಮುಟ್ಟಬೇಕಾದರೆ ಮುಂದಿನ ಪರದೆಯನ್ನು, ಅಂದರೆ ಪ್ಯಾನೆಲನ್ನು, ಎತ್ತಿ ತೆಗೆಯಬೇಕು. ಸಿದ್ದಾಪುರದ ಒಂದು ಮನೆಯಲ್ಲಿ ನಾನು ಶೂರನ ಹಾಗೆ ಒಬ್ಬನೇ ಎತ್ತಿದೆ. ಟಿಕ್ ಎಂದು ಒಂದು ಸದ್ದು, ಅಷ್ಟೆ. ಅಗ್ಗದ ಪಟ್ಟಿ ಹಾಕಲು ಹೋಗಿ ಅವರಿಗೆ ಹೊಸ ಟಿ.ವಿ.ಯನ್ನೇ ಕೊಡಿಸಬೇಕಾಯಿತು. ಪ್ಯಾನೆಲ್ ಎತ್ತಲು ಯಾವಾಗಲೂ ಇಬ್ಬರು ಬೇಕು. ಎರಡನೆಯವರು ಮನೆಯವರೇ ಆದರೆ ಇನ್ನೂ ಒಳ್ಳೆಯದು, ಒಡೆದರೆ ಸಾಕ್ಷಿಯಾದರೂ ಇರುತ್ತದೆ.

ಕೊನೆಯದು ಒಎಲ್‌ಇಡಿ. ಅದರಲ್ಲಿ ಹಿಂದೆ ದೀಪವೇ ಇಲ್ಲ, ಪರದೆಯ ಚುಕ್ಕೆ ಚುಕ್ಕೆಯೂ ತಾನೇ ಉರಿಯುತ್ತದೆ. ಸಾಲಿಗ್ರಾಮದ ಒಬ್ಬರು ದಿನವಿಡೀ ಸುದ್ದಿ ಚಾನೆಲ್ ಹಾಕಿಡುತ್ತಿದ್ದರು. ಕೆಳಗಿನ ಕೆಂಪು ಪಟ್ಟಿ ಪರದೆಯಲ್ಲಿ ಹಾಗೇ ಉಳಿದುಬಿಟ್ಟಿತು. ಆಮೇಲೆ ಅವರು ಯಕ್ಷಗಾನ ಹಾಕಿದರೂ ವೇಷಗಳು ಕೆಂಪು ನೀರಿನಲ್ಲಿ ನಿಂತು ಕುಣಿಯುತ್ತಿದ್ದವು. ಅದಕ್ಕೆ ನನ್ನ ಬಳಿ ಮದ್ದಿರಲಿಲ್ಲ.

ಈಗ ಬೈಂದೂರಿಗೆ ಬರುತ್ತೇನೆ. ಸುಧಾಕರ ಶೆಟ್ಟರು ಮುಂಬಯಿಯಲ್ಲಿ ಆಯುಷ್ಯವಿಡೀ ಬೇರೆಯವರ ಹೋಟೆಲಿನ ಗಲ್ಲೆಯಲ್ಲಿ ಕೂತವರು. ಕೂಡಿಟ್ಟದ್ದನ್ನೆಲ್ಲ ಹಾಕಿ ಬೈಂದೂರಿನ ಹೆದ್ದಾರಿ ಬದಿಯಲ್ಲಿ ಹನ್ನೆರಡು ರೂಮಿನ ಲಾಡ್ಜು ಕಟ್ಟಿದರು. ಕಿಟಕಿ ತೆರೆದರೆ ಕಡಲ ಗಾಳಿ. ರೂಮಿಗೊಂದು ಟಿ.ವಿ. ಬೇಕಿತ್ತು. ಅಂಗಡಿಗೆ ಹೋಗುವ ಮೊದಲು ನನ್ನ ಬಳಿ ಬಂದರು.

"ಆಚಾರ್ರೆ, ಕೊಂಬುಕೆ ಎಷ್ಟ್ ಅಂದೇಳಿ ಅಂಗ್ಡಿಯವ ಹೇಳ್ತ. ಇಟ್ಕಂಬುಕೆ ಎಷ್ಟ್ ಅಂದೇಳಿ ನೀವ್ ಹೇಳಿ."

ಅಂಥ ಪ್ರಶ್ನೆ ಕೇಳಿದ ಗಿರಾಕಿ ನನಗೆ ಅವರೊಬ್ಬರೇ. ಹಿಗ್ಗಿಹೋದೆ. ಒಂದು ಸಂಜೆ ಪೂರ್ತಿ ಕೂತು ಟ್ಯೂಬು, ಪ್ಲಾಸ್ಮಾ, ಎಲ್‌ಸಿಡಿ, ಎಲ್‌ಇಡಿ ಎಂದು ಕಾಗದದಲ್ಲಿ ಮನೆ ಎಳೆದು, ಯಾವುದು ಎಷ್ಟು ಸಲ ಕೆಡುತ್ತದೆ, ಕೆಟ್ಟದ್ದು ಇಲ್ಲೇ ಸಿಗುತ್ತದೋ, ಯಾವ ಭಾಗ ಹೋದರೆ ಟಿ.ವಿ.ಯೇ ಹೋದ ಹಾಗೆ ಎಂದು ಬರೆದುಕೊಟ್ಟೆ. ಎಲ್‌ಇಡಿ ತಕೊಳ್ಳಿ, ಹತ್ತು ವರ್ಷ ನನ್ನ ಮುಖ ನೋಡುವುದು ಬೇಡ ಎಂದೆ. ಹನ್ನೆರಡನ್ನೂ ನಾನೇ ಗೋಡೆಗೆ ಕೂರಿಸಿದೆ. ಕೂರಿಸುವ ಮೊದಲು, ಕೈ ಅಭ್ಯಾಸದಂತೆ, ಹನ್ನೆರಡರ ಬೆನ್ನಿಗೂ ನಮ್ಮ ಚೀಟಿ ಅಂಟಿಸಿದೆ. ಓದಲಿಲ್ಲ. ತನ್ನ ಅಂಗಡಿಯ ಚೀಟಿಯನ್ನು ಯಾರಾದರೂ ಓದುತ್ತಾರೆಯೆ?

ವರ್ಷ ತುಂಬುವ ಮೊದಲೇ ಒಂದು ಟಿ.ವಿ.ಯಲ್ಲಿ ಉದ್ದುದ್ದ ಗೆರೆಗಳು ಎದ್ದವು. ಹಿಂದೆಯೇ ಇನ್ನೊಂದು. ಕಂಪನಿಯಿಂದ ಬಂದವನು ಬಿಚ್ಚಿ ನೋಡಿ, ಫೋಟೊ ತೆಗೆದು, ಒಳಗೆ ನೀರು ಇಳಿದಿದೆ, ಗ್ಯಾರಂಟಿ ಸಿಗುವುದಿಲ್ಲ ಎಂದು ಬರೆದುಕೊಟ್ಟು ಹೋದ. ಮೂರನೆಯದಕ್ಕೆ ಶೆಟ್ಟರು ನನ್ನನ್ನು ಕರೆದರು. ಪರದೆಯ ಕೆಳ ಅಂಚಿನಲ್ಲಿ ಕೂದಲಿನಷ್ಟು ಸಪೂರ ತಂತಿಗಳಿರುವ ಪಟ್ಟಿಗಳಿವೆ; ಚಿತ್ರ ಅವುಗಳ ಮೂಲಕವೇ ಒಳಗೆ ಹೋಗುವುದು. ಅಲ್ಲಿ ನೀರಿನ ಕಲೆ, ಹಸಿರು ಕಿಲುಬು. ಕಂಪನಿಯವನು ಹೇಳಿದ್ದು ಸತ್ಯ. ನಾನು ತಜ್ಞನ ಗತ್ತಿನಲ್ಲಿ ಹೇಳಿದೆ: ನೀರೇ ಇಳಿದದ್ದು ಶೆಟ್ರೆ, ಕೆಲಸದವರು ಯಾರೋ ಚಿಮುಕಿಸಿರಬೇಕು.

ಆ ಲಾಡ್ಜಿನಲ್ಲಿ ರೂಮು ಗುಡಿಸಿ ಒರೆಸುತ್ತಿದ್ದವಳು ಗುಲಾಬಿ ಒಬ್ಬಳೇ. ಗಂಡ ಇಲ್ಲದವಳು, ಮಗಳು ನರ್ಸಿಂಗ್ ಓದುತ್ತಿದ್ದಳು. ಶೆಟ್ಟರು ಅವಳನ್ನು ನನ್ನೆದುರೇ ಕರೆದು, ಟಿ.ವಿ.ಗೆ ನೀರು ಹಾಕಿದ್ದಿಯಾ ಎಂದು ಕೇಳಿದರು. ಹಾಕಿಲ್ಲ ಎಂದಳು. ಮತ್ತೆ ಕೇಳಿದರು. ಮತ್ತೆ ಹಾಕಿಲ್ಲ ಎಂದಳು. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಏನೋ ಹೇಳುತ್ತಾಳೆ ಎಂದುಕೊಂಡೆ, ಹೇಳಲಿಲ್ಲ. ಸುಳ್ಳು ಹೇಳುವ ಕೆಲಸದವಳನ್ನು ಇಟ್ಟುಕೊಳ್ಳುವುದಿಲ್ಲ, ಈ ತಿಂಗಳು ಮುಗಿಯಲಿ ಎಂದರು ಶೆಟ್ಟರು. ನಾನು ಚಾ ಕುಡಿದು ಬಸ್ಸು ಹತ್ತಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ದಿನ ಅವಳ ಬಗ್ಗೆ ನನಗೆ ಏನೂ ಅನಿಸಲಿಲ್ಲ. ನನ್ನ ಎಲ್‌ಇಡಿಯ ತಪ್ಪಲ್ಲವಲ್ಲ ಎಂದು ಮನಸ್ಸು ಹಗುರವೇ ಆಗಿತ್ತು.

ತಿಂಗಳು ಮುಗಿಯಲು ಐದು ದಿನವಿರುವಾಗ ನಾಲ್ಕನೆಯದ್ದು ರಿಕ್ಷಾದಲ್ಲಿ ಅಂಗಡಿಗೆ ಬಂತು. ಹಿಂಬದಿ ಬಿಚ್ಚಲು ಕೂತೆ. ಒಂದು ಸ್ಕ್ರೂವಿನ ಮೇಲೆಯೇ ಚೀಟಿ ಅಂಟಿಸಿದ್ದೆ. ಉಗುರಿನಿಂದ ಕೆರೆದೆ. ಅರ್ಧ ಹರಿದು ಬಂತು. ಬೆರಳ ತುದಿಗೆ ಅಂಟಿದ ತುಂಡಿನಲ್ಲಿ ಎರಡೇ ಪದಗಳಿದ್ದವು: ಒದ್ದೆ ಬಟ್ಟೆಯಿಂದ.

ಎಷ್ಟೋ ವರ್ಷಗಳ ನಂತರ ಅದನ್ನು ಓದಿದೆ. ಟ್ಯೂಬಿನ ಟಿ.ವಿ.ಯ ಗಾಜಿನಿಂದ ನೀರು ಇಳಿದರೆ ಮೇಜಿಗೆ ಬೀಳುತ್ತದೆ. ಈ ಪರದೆಯಿಂದ ಇಳಿದ ನೀರು ಚೌಕಟ್ಟಿನ ಸಂದಿಯೊಳಗೆ ನೇರ ಆ ಪಟ್ಟಿಗಳಿಗೇ ಹೋಗುತ್ತದೆ. ಒಂದು ಸಲಕ್ಕೆ ಏನೂ ಆಗದು. ವಾರ ವಾರ ಒಂದೊಂದು ಹನಿ, ಅದರೊಟ್ಟಿಗೆ ಪರದೆಯ ಉಪ್ಪು. ಗುಲಾಬಿ ಸುಳ್ಳು ಹೇಳಿರಲಿಲ್ಲ. ಅವಳು ಟಿ.ವಿ.ಗೆ ನೀರು ಹಾಕಿರಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದ್ದಳು. ನಾನು ಬರೆದು ಅಂಟಿಸಿದ್ದನ್ನು ಚಾಚೂ ತಪ್ಪದೆ ಮಾಡಿದ್ದಳು.

ಆ ದಿನ ನನ್ನ ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಯಾರಿಗೂ ಗೊತ್ತಿಲ್ಲ ಎಂದು ಅನಿಸಿತು. ಈ ಚೀಟಿ ಹರಿದಾಯಿತು. ಸರ್ವಿಸ್ ಮಾಡುವ ನೆಪದಲ್ಲಿ ಹೋಗಿ ಉಳಿದವನ್ನೂ ಕಿತ್ತರೆ ಮುಗಿಯಿತು. ಶೆಟ್ಟರ ಬಾಯಿಂದ ಈ ಸುದ್ದಿ ಬೈಂದೂರಿನಿಂದ ಬ್ರಹ್ಮಾವರದವರೆಗೆ ಹರಡಿದರೆ ನನ್ನ ಅಂಗಡಿಗೆ ಯಾರು ಬರುತ್ತಾರೆ? ಮಧ್ಯಾಹ್ನದ ಊಟ ಸೇರಲಿಲ್ಲ. ಹೆಂಡತಿಗೆ ಹೇಳಿದೆ. ಅವಳು ಎಲ್ಲ ಕೇಳಿ, ಆ ಹೆಂಗಸಿನ ಮಗಳಿಗೆ ಓದು ಮುಗಿಯಲು ಇನ್ನೆಷ್ಟು ವರ್ಷವಿದೆ ಎಂದು ಮಾತ್ರ ಕೇಳಿದಳು. ನನಗೆ ಗೊತ್ತಿರಲಿಲ್ಲ. ಅಂಗಿ ಹಾಕಿಕೊಂಡು ಬೈಂದೂರು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಹೇಗೆ ಹೇಳುವುದೆಂದು ನಾಲ್ಕು ತರ ಕಟ್ಟಿಕೊಂಡಿದ್ದೆ. ಶೆಟ್ಟರ ಎದುರು ನಿಂತಾಗ ನಾಲ್ಕೂ ಹೋದವು. ಹರಿದ ಚೀಟಿಯ ತುಂಡುಗಳನ್ನು ಗಲ್ಲೆಯ ಮೇಲೆ ಜೋಡಿಸಿಟ್ಟು, ನೀರು ಇಳಿಸಿದ್ದು ಗುಲಾಬಿಯಲ್ಲ, ನಾನು ಎಂದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಮ್ಮೆ ಓದಿದರು. ಗುಲಾಬಿಯನ್ನು ಕರೆಸಿದರು. ಅವಳು ಪೊರಕೆ ಬಾಗಿಲ ಬದಿಗಿಟ್ಟು ಬಂದು ನಿಂತಳು. ಈ ಚೀಟಿ ಓದಿದ್ದಿಯಾ ಎಂದು ಕೇಳಿದಾಗ, ಗೋಡೆಗೆ ಏರಿಸುವ ದಿನವೇ ಓದಿದ್ದೆ ಎಂದಳು. ಮತ್ತೆ ಆ ದಿನವೇ ಯಾಕೆ ಹೇಳಲಿಲ್ಲ ಎಂದು ಕೇಳಿದರು.

"ಆಚಾರ್ರ್ ಅಲ್ಲೇ ನಿಂತ್ಕಂಡಿದ್ರಲೆ. ಅವ್ರ್ ಬರ್ದದ್ದ್ ಅವ್ರಿಗೆ ಗೊತ್ತಿರ್ದೇ ಇರತ್ತಾ? ಅವ್ರೇ ಹೇಳ್ತ್ರ್ ಅಂದೇಳಿ ನಾನ್ ಕಾದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಕೈಮುಗಿದು ತಪ್ಪಾಯಿತು ಎಂದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದು ಸೆರಗು ಸರಿಮಾಡಿಕೊಂಡಳು.

ಶೆಟ್ಟರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಬೈಯುತ್ತಾರೆ, ಇಡೀ ನಷ್ಟ ತಲೆಗೆ ಕಟ್ಟುತ್ತಾರೆ ಎಂದು ನಾನು ಕಾಯುತ್ತಿದ್ದೆ. ಕೊನೆಗೆ ಗುಲಾಬಿಯ ಕಡೆ ತಿರುಗಿ, "ನಾನೂ ಕೇಂಬುದ್ ಸಮ ಕೇಣ್ಲಿಲ್ಲೆ ಮಾರಾಯ್ತಿ. ನೀ ಎಲ್ಲಿಗೂ ಹೋಪ್ದ್ ಬೇಡ," ಎಂದು ತಾವೂ ಸರಿಯಾಗಿ ಕೇಳದಿದ್ದುದನ್ನು ಒಪ್ಪಿಕೊಂಡರು. ನನ್ನ ಕಡೆ ತಿರುಗಿ, "ಆಚಾರ್ರೆ, ಬಾಕಿ ಎಂಟ್ ಟಿ.ವಿ. ಇತ್ತಲೆ, ಮೊದ್ಲ್ ಅದ್ರ್ ಚೀಟಿ ಕಿತ್ತ್ ಬಿಸಾಡಿ. ಚಾ ಮತ್ ಕುಡಿಯುವ," ಎಂದರು.

ಅಷ್ಟೇ. ಗುಲಾಬಿ ರೂಮುಗಳ ಬಾಗಿಲು ತೆರೆಯುತ್ತ ಮುಂದೆ ನಡೆದಳು, ನಾನು ಹಿಂದಿನಿಂದ ಒಂದೊಂದೇ ಟಿ.ವಿ. ಇಳಿಸಿ ಚೀಟಿ ಕೆರೆಯುತ್ತ ಹೋದೆ. ಹಾಳಾಗಿ ಅಲ್ಲೇ ಉಳಿದಿದ್ದ ಮೂರನ್ನೂ ನಾನು ಅಂಗಡಿಗೆ ಕಟ್ಟಿಕೊಂಡು ಬಂದೆ. ಒಂದು ಟಿ.ವಿ.ಯಲ್ಲಿ ಪ್ಯಾನೆಲ್ ಹೋಗಿ ಬೋರ್ಡು ಉಳಿದಿರುತ್ತದೆ, ಇನ್ನೊಂದರಲ್ಲಿ ಬೋರ್ಡು ಸುಟ್ಟು ಪ್ಯಾನೆಲ್ ಉಳಿದಿರುತ್ತದೆ. ಸಿಡಿಲು ಬಡಿದ ಅದೇ ಮಾದರಿಯ ಸೆಟ್ಟುಗಳನ್ನು ಸಾಲಿಗ್ರಾಮ, ಬ್ರಹ್ಮಾವರ ಎಂದು ಹುಡುಕಿ ತಂದು ನಾಲ್ಕರಲ್ಲಿ ಮೂರಕ್ಕೆ ಜೀವ ಬರಿಸಿದೆ. ನಾಲ್ಕನೆಯದ್ದು ಬದುಕಲಿಲ್ಲ, ಅದರ ಬದಲು ನನ್ನ ಮನೆಯ ಟಿ.ವಿ. ಹೋಯಿತು. ಧಾರಾವಾಹಿಯ ಹೊತ್ತಿಗೆ ಹೆಂಡತಿ ನನ್ನನ್ನು ಒಂದು ನಮೂನೆ ನೋಡುತ್ತಿದ್ದಳು.

ಆ ಮಳೆಗಾಲವಿಡೀ ಅಂಗಡಿಯ ಹಳೆ ರಶೀದಿ ಪುಸ್ತಕ ಹಿಡಿದು ತೆಳು ಟಿ.ವಿ. ಇದ್ದ ಮನೆ ಮನೆಗೆ ಹೋದೆ. ಚೀಟಿ ಕೀಳಲು ಬಂದಿದ್ದೇನೆ ಎಂದರೆ ಜನ ಅನುಮಾನದಿಂದ ನೋಡುತ್ತಿದ್ದರು. ಹೆಚ್ಚಿನವರು ಅದನ್ನು ಓದಿಯೇ ಇರಲಿಲ್ಲ. ನಮ್ಮವರ ಉದಾಸೀನಕ್ಕೆ ಅಂದು ಮೊದಲ ಬಾರಿ ಕೈಮುಗಿದೆ. ಟ್ಯೂಬಿನ ಟಿ.ವಿ. ಇದ್ದ ಕಡೆ ಚೀಟಿಯನ್ನು ಮುಟ್ಟಲಿಲ್ಲ. ಅಲ್ಲಿ ನಾಯಕ್ ಮಾಮ್ ಹೇಳಿದ್ದು ಸರಿಯಾಗಿಯೇ ಇತ್ತು.

ಹೊಸ ಚೀಟಿ ಅಚ್ಚು ಹಾಕಿಸುವ ಮೊದಲು ಗುಲಾಬಿಗೆ ತೋರಿಸಿದೆ. "ಪರದೆಗೆ ನೀರು ತಾಗಿಸಬೇಡಿ. ಮೆತ್ತಗಿನ ಒಣ ಬಟ್ಟೆಯಲ್ಲಿ ಹಗುರಾಗಿ ಒರೆಸಿ" ಎಂದು ಬರೆದಿದ್ದೆ. ಉಪ್ಪಿನ ಜಿಗುಟಿಗೆ ಏನು ಮಾಡುವುದು ಎಂದು ಅವಳು ಕೇಳಿದಳು. ಟಿ.ವಿ. ಬಂದ್ ಮಾಡಿ, ಬಟ್ಟೆಯನ್ನು ಗಟ್ಟಿ ಹಿಂಡಿ, ಕೆಳ ಅಂಚು ಬಿಟ್ಟು ಒರೆಸಿ, ಕೂಡಲೇ ಒಣ ಬಟ್ಟೆ ಎಂದೆ. ಮೊದಲೇ ಕಿಟಕಿ ಹಾಕಿದರೆ ಅಷ್ಟು ರಗಳೆ ಇಲ್ಲ ಎಂದಳು ಅವಳು. ಅದನ್ನೂ ಸೇರಿಸಿದೆ. ಆಮೇಲೆ ಇನ್ನೊಂದು ಮಾತು ಹೇಳಿದಳು.

"ಆಚಾರ್ರೆ, ಸುರುವಿನ ದಿನ್ವೇ ಒಂದ್ ಹನಿ ಆ ಸಂದಿಯೊಳ್ಗೆ ಹೋದ್ದ್ ಕಂಡಿದೆ. ಕೇಂಬ ಅಂದೇಳಿ ಆಯ್ತ್. ಅಚ್ಚ್ ಹಾಕ್ಸದ್ದನ್ನ್ ಕೇಂಬ್ದ್ ಹ್ಯಾಂಗೆ ಅಂದೇಳಿ ಸುಮ್ನಾದೆ."

ಆ ಮಾತಿನ ಮೇಲೆ ಚೀಟಿಗೆ ಕೊನೆಯ ಸಾಲು ಬಂತು: "ಸಂಶಯ ಇದ್ದರೆ ಕೇಳಿ." ಕೆಳಗೆ ಫೋನ್ ನಂಬರು. ಅಂಗಡಿ ಮುಚ್ಚುವವರೆಗೆ ಆ ನಂಬರಿಗೆ ಎಂತೆಂಥ ಕರೆಗಳು ಬಂದವು ಎಂದರೆ, ಗೋಡೆಯ ಟಿ.ವಿ.ಗೆ ದೃಷ್ಟಿಬೊಟ್ಟು ಎಲ್ಲಿಡುವುದು ಎಂದು ಸಹ ಕೇಳಿದ್ದಾರೆ. ಎಲ್ಲದಕ್ಕೂ ಉತ್ತರ ಹೇಳಿದೆ. ಒಂದು ಪ್ಯಾನೆಲ್ ಉಳಿದರೂ ಲಾಭವೇ.

ಯಾವ ಟಿ.ವಿ.ಯ ಖರ್ಚು ಕಡಿಮೆ ಎಂದು ಕೇಳುವವರಿಗೆ ಈಗ ನಾನು ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಮನೆ ಕಡಲಿಗೆ ಎಷ್ಟು ದೂರ, ಟಿ.ವಿ.ಯನ್ನು ಒರೆಸುವವರು ಯಾರು? ಪಾಯಸ ಆರುತ್ತದೆ ಎಂದು ಕೆಲವರು ಅಲ್ಲಿಗೇ ಬಿಡುತ್ತಾರೆ.

ಹೋದ ವಾರ ಗುಲಾಬಿಯ ಫೋನು ಬಂತು. ಮಗಳು ಉಡುಪಿಯಲ್ಲಿ ನರ್ಸು, ಗುಲಾಬಿ ಈಗ ಲಾಡ್ಜಿನ ಎಲ್ಲ ರೂಮುಗಳ ಉಸ್ತುವಾರಿ. ಹಳೆಯ ಎಂಟು ಟಿ.ವಿ.ಗಳಲ್ಲಿ ಏಳು ಇನ್ನೂ ನಡೆಯುತ್ತಿವೆ. ಎಂಟನೆಯದು ಹೋದದ್ದು ಮುದಿಯಾಗಿ, ನೀರಿನಿಂದಲ್ಲ. ಅದರ ಜಾಗಕ್ಕೆ ಶೆಟ್ಟರ ಅಳಿಯ ಹೊಸ ನಮೂನೆಯದ್ದೊಂದು ತಂದಿದ್ದಾನೆ, ಅದರ ಪರದೆ ಮುಟ್ಟಿದರೆ ಒಳ್ಳೆ ಕಾಗದದ ಹಾಗೆ ಉಂಟಂತೆ. ಅದನ್ನು ಯಾವುದರಲ್ಲಿ ಒರೆಸುವುದು ಎಂದು ಕೇಳಿದಳು.

ಅಂಥದ್ದನ್ನು ನಾನು ಕಂಡಿಲ್ಲ. ಕೆಲಸದಲ್ಲಿದ್ದಾಗ ಆಗಿದ್ದರೆ ಏನಾದರೊಂದು ಹೇಳಿಬಿಡುತ್ತಿದ್ದೆನೇನೋ. "ನಂಗ್ ಗೊತ್ತಿಲ್ಲೆ ಗುಲಾಬಿ. ಕೇಂಡ್ಕಂಡ್ ಹೇಳ್ತೆ, ಅಲ್ಲಿವರಿಗೆ ಮುಟ್ಬೇಡ," ಎಂದೆ.

"ಅಡ್ಡಿಲ್ಲೆ ಆಚಾರ್ರೆ, ನಾನೂ ಮುಟ್ಲಿಲ್ಲೆ," ಎಂದಳು.

ಫೋನಿಟ್ಟು ಊಟಕ್ಕೆ ಕೂತೆ. ಅನ್ನ ಎರಡನೇ ಸಲ ಬಡಿಸಿಕೊಂಡೆ.